ಶಿರಸ್ತ್ರಾಣದ ಸೊಗಸು

ಅಮರಸಿಂಹನು ತನ್ನ ಕೋಶದ ಕ್ಷತ್ರಿಯವರ್ಗದಲ್ಲಿ ತಲೆಯ ಕವಚಕ್ಕೆ ಶೀರ್ಷಣ್ಯವೆಂದೂ ಶಿರಸ್ತ್ರವೆಂದೂ ಹೆಸರು ಹೇಳಿದ್ದಾನೆ. ತಲೆಗೆ ಸೇರಿದುದು, ತಲೆಯನ್ನು ಕಾಯುವುದು ಎಂದಿಷ್ಟೇ ಅರ್ಥ. ಅಂದಚೆಂದದ ಸುಳಿವು ಆ ಶಬ್ದಗಳಲ್ಲಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲಿನ ಅಭಿಮಾನಿಗಳಿಗಾದರೋ ಶಿರಸ್ತ್ರಾಣವೆಂದರೆ ಅದರ ಬಣ್ಣ, ಅದರ ಮೇಲಣ ಚಿತ್ರ. ಯಾವ ಕಾಲೇಜಿನದು ಸೊಗಸು, ಯಾವ ವರ್ಷದ್ದು ಸೊಗಸು ಎಂದು ಅವರು ವಾದಕ್ಕೆ ಕುಳಿತರೆ ನಮ್ಮ ತಾರ್ಕಿಕರು ನಾಚಬೇಕು.

ಈ ವಾದವನ್ನು ನಾನು ಕಿವಿಯಾರೆ ಕೇಳಿದುದು 2023ರ ಅಕ್ಟೋಬರಿನಲ್ಲಿ, ಮಿಷಿಗನ್ ಸಂಸ್ಥಾನದ ಆನ್ ಆರ್ಬರ್ ಪಟ್ಟಣದಲ್ಲಿರುವ ನನ್ನ ಮಗಳ ಮನೆಯಲ್ಲಿ. ಅಲ್ಲಿನ ಫುಟ್‌ಬಾಲು ನಾವು ಬಲ್ಲ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವುದು, ಮುಂದಕ್ಕೆ ಎಸೆಯುವುದು, ಓಡುವವನ ಮೇಲೆ ಬಿದ್ದು ಅವನನ್ನು ಕೆಡಹುವುದು—ಮಲ್ಲಯುದ್ಧವೂ ವ್ಯೂಹರಚನೆಯೂ ಕೂಡಿದ ಆಟ. ಲಕ್ಷಕ್ಕೂ ಮಿಕ್ಕಿದ ಜನ ಕೂರುವ ಕ್ರೀಡಾಂಗಣವು ಆ ಊರಿನಲ್ಲಿದೆ.

ನನ್ನ ಅಳಿಯಂದಿರು ಮಿಷಿಗನ್ ವಿದ್ಯಾಪೀಠದಲ್ಲಿ ಓದಿದವರು. ಆ ದಿನ ಊಟಕ್ಕೆ ಬಂದಿದ್ದ ಅವರ ಮಿತ್ರರು ಪರಮವೈರಿಯಾದ ಒಹಾಯೊ ಸ್ಟೇಟಿನವರು. ನೀಲಿಯ ಮೇಲೆ ಜೋಳದ ಹಳದಿ ರೆಕ್ಕೆಗಳನ್ನು ಬರೆದ ತಮ್ಮ ಶಿರಸ್ತ್ರಾಣಕ್ಕೆ ಸಮನಾದುದಿಲ್ಲವೆಂದು ಇವರು. ಬೆಳ್ಳಿಬಣ್ಣದ ಮೇಲೆ ಬಕ್‌ಐ ಮರದ ಎಲೆಯ ಗುರುತುಗಳನ್ನು ಅಂಟಿಸುವ ತಮ್ಮದೇ ಶ್ರೇಷ್ಠವೆಂದು ಅವರು. 1968ರಿಂದ ಒಳ್ಳೆಯ ಆಟಕ್ಕೆ ಒಂದೊಂದು ಎಲೆಯನ್ನು ಕೊಡುವರಾದುದರಿಂದ ಅದು ಸಂಪಾದಿಸಿದ ಆಭರಣವೆಂಬುದು ಅವರ ಹೇತು. ಚಿನ್ನದ ಗೋಪುರದ ಬಣ್ಣ ತಳೆದ ನೋತರ್ ಡೇಮಿನದು, ಆಟಗಾರನ ಅಂಕಿಯನ್ನೇ ಧರಿಸಿದ ಅಲಬಾಮದ ಕಡುಗೆಂಪಿನದು, ಎಲ್ಲವೂ ಚರ್ಚೆಗೆ ಬಂದುವು. ಕೊನೆಗೆ ಮಿತ್ರರು, “ಮೇಷ್ಟ್ರೆ, ತೀರ್ಪು ನಿಮ್ಮದು” ಎಂದರು.

ನಾನು ರೆಕ್ಕೆಯ ಪಕ್ಷ ಹಿಡಿದೆನು. ಉಂಡ ಮನೆಯ ಋಣಕ್ಕಾಗಿಯಲ್ಲ. ಆ ರೆಕ್ಕೆ ಮೊದಲಿಗೆ ಚಿತ್ರವೇ ಆಗಿರಲಿಲ್ಲ. ಸ್ಪಾಲ್ಡಿಂಗ್ ಕಂಪೆನಿಯ ಚರ್ಮದ ಶಿರಸ್ತ್ರಾಣದಲ್ಲಿ ಹಣೆಯ ಮೇಲೆ ಬಲಕ್ಕಾಗಿ ಹೊಲಿದ ಪದರವೂ ನೆತ್ತಿಯ ಮೇಲೆ ಹಾಯ್ದ ಪಟ್ಟಿಗಳೂ ಹಾಗೆ ಕಾಣುತ್ತಿದ್ದುವು. ಅದೇ ಮಾದರಿಯನ್ನು ಬೇರೆ ಕಾಲೇಜುಗಳೂ ತೊಡುತ್ತಿದ್ದುವು. ಪ್ರಿನ್ಸ್‌ಟನ್ನಿನಿಂದ ಬಂದ ಶಿಕ್ಷಕ ಫ್ರಿಟ್ಸ್ ಕ್ರೈಸ್ಲರನು 1938ರಲ್ಲಿ ಮಿಷಿಗನ್ನಿನವರಿಗೆ ಆ ಪದರಕ್ಕೆ ಬಣ್ಣ ಬಳಿಸಿದನು. ಚೆಂಡೆಸೆಯುವವನು ದೂರ ಓಡಿದ ತನ್ನವನನ್ನು ತಟ್ಟನೆ ಗುರುತಿಸಲೆಂಬುದು ಅವನ ಉದ್ದೇಶ. ಬೇರೊಂದು ಯತ್ನವಿಲ್ಲದೆ ಒದಗಿ ಬರುವ ಅಲಂಕಾರವೇ ಸಲ್ಲತಕ್ಕದ್ದೆಂದು ಆನಂದವರ್ಧನನು ಕಾವ್ಯದ ವಿಷಯದಲ್ಲಿ ಹೇಳಿದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಪಾಠಶಾಲೆಯಲ್ಲಿ ಕಂಡಿರಲಿಲ್ಲ! ಈಗಲಾದರೋ ಚರ್ಮವೂ ಇಲ್ಲ, ಹೊಲಿಗೆಯೂ ಇಲ್ಲ. ಪ್ಲಾಸ್ಟಿಕ್ಕಿನ ಚಿಪ್ಪಿನ ಮೇಲೆ ಬಣ್ಣ ಮಾತ್ರ ಉಳಿದಿದೆ.

ಆ ಚಿಪ್ಪಿನದೂ ಒಂದು ಕಥೆ. 1893ರಲ್ಲಿ ನೌಕಾವಿದ್ಯಾಲಯದ ಆಟಗಾರ ಜೋಸೆಫ್ ರೀವ್ಸನು, ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಚಿತ್ತಭ್ರಮೆಯೋ ಮರಣವೋ ಎಂದು ವೈದ್ಯರು ಎಚ್ಚರಿಸಲಾಗಿ, ಪಾದರಕ್ಷೆ ಹೊಲಿಯುವವನಿಂದ ತಲೆಗೊಂದು ಟೊಪ್ಪಿಗೆಯನ್ನು ಮಾಡಿಸಿಕೊಂಡನಂತೆ. ಕಾಲೇಜು ಆಟಗಾರರಿಗೆಲ್ಲ ಶಿರಸ್ತ್ರಾಣವು ಕಡ್ಡಾಯವಾದುದು 1939ರಲ್ಲಿ. ಬಳಿಕ ಗಟ್ಟಿ ಚಿಪ್ಪು ಬಂದಿತು. ತಲೆಯನ್ನೇ ಆಯುಧವಾಗಿ ನುಗ್ಗಿಸುವ ಚಾಳಿಯೂ ಬೆಳೆಯಿತು. ಅದನ್ನು ನಿಷೇಧಿಸಲು 1976ರಲ್ಲಿ ನಿಯಮವನ್ನೇ ಮಾಡಬೇಕಾಯಿತು. ಚಿಪ್ಪು ತಲೆಬುರುಡೆಯನ್ನು ಒಡೆಯದಂತೆ ಕಾಯುತ್ತದೆ. ಬುರುಡೆಯೊಳಗೆ ಮಿದುಳು ಅಲುಗಾಡಿ ಪೆಟ್ಟಾಗುವುದನ್ನು ಪೂರ್ತಿ ತಡೆಯಲಾರದು.

ನನ್ನ ಮೊಮ್ಮಗನಿಗೆ ಆಗ ಹದಿನಾಲ್ಕು ವರ್ಷ. ಶಾಲೆಯ ತಂಡವನ್ನು ಸೇರಲು ತಾಯಿತಂದೆಗಳ ಒಪ್ಪಿಗೆಯ ಕಾಗದವನ್ನು ತಂದಿದ್ದನು. ತಂದೆಯ ರುಜು ಬಿದ್ದಿತ್ತು, ತಾಯಿಯದು ಬಿದ್ದಿರಲಿಲ್ಲ. ನಮ್ಮ ವಾದವನ್ನು ಕೇಳಿ ಅವನು ಗೆಳೆಯನಿಂದ ತಂದಿದ್ದ ಶಿರಸ್ತ್ರಾಣವನ್ನು, “ತಾತ, ಇದು ಹೇಗಿದೆ ನೋಡಿ” ಎಂದು ನನ್ನ ತೊಡೆಯ ಮೇಲಿಟ್ಟನು. ಎಣಿಸಿದುದಕ್ಕಿಂತ ಭಾರವಾಗಿತ್ತು. ತಿರುಗಿಸಿ ನೋಡುವಾಗ ಹಿಂಬದಿಯಲ್ಲಿ ಒಂದು ಚೀಟಿ ಕಣ್ಣಿಗೆ ಬಿತ್ತು.

ಅಷ್ಟು ಹೊತ್ತೂ ಸುಮ್ಮನಿದ್ದ ಮಗಳು, “ಅಣ್ಣ, ಅದನ್ನು ಸ್ವಲ್ಪ ಗಟ್ಟಿಯಾಗಿ ಓದಿ” ಎಂದಳು. ತಲೆಗೂ ಕತ್ತಿಗೂ ಆಗಬಹುದಾದ ಘೋರವಾದ ಗಾಯವನ್ನು ಯಾವ ಶಿರಸ್ತ್ರಾಣವೂ ತಪ್ಪಿಸಲಾರದೆಂದು ಮಾಡಿದವರೇ ಅಚ್ಚುಹಾಕಿದ್ದರು. ಓದಿದೆನು. ಮಿತ್ರರು ಮೊಸರನ್ನದ ತಟ್ಟೆಯನ್ನು ನೋಡುತ್ತ ಕುಳಿತರು. ಅಳಿಯಂದಿರು, “ಅದು ಕಾನೂನಿಗಾಗಿ ಹಾಕುವುದು, ಮಾವನವರೆ” ಎಂದರು. ಹುಡುಗನು ಶಿರಸ್ತ್ರಾಣವನ್ನು ಎತ್ತಿಕೊಂಡು ಮಹಡಿ ಹತ್ತಿದನು.

ಮೂರು ವಾರಗಳ ಮೇಲೆ ನಾನು ಊರಿಗೆ ಹೊರಟ ದಿನವೂ ಆ ಕಾಗದವು ಹಣ್ಣಿನ ಬುಟ್ಟಿಯ ಕೆಳಗೆ ಒಂದೇ ರುಜುವಿನೊಡನೆ ಇದ್ದಿತು.