ವಾಹನಾಲಂಕಾರ

ಸಂಸಾರಸ್ಥ ಗುಮಾಸ್ತರಿಗೆ ಹವ್ಯಾಸವಿರಕೂಡದೆಂದು ಇದುವರೆಗೆ ಯಾವ ಸುತ್ತೋಲೆಯೂ ಹೊರಟಿಲ್ಲ. ಆದರೂ ಭಾನುವಾರ ಬೆಳಗ್ಗೆ ನಾವು ಹಳೆಯ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿಕೊಂಡು, ಕೈಯಲ್ಲೊಂದು ಸ್ಪಾನರು ಹಿಡಿದು ಕಟ್ಟಡದ ಕೆಳಗೆ ಬೈಕಿನ ಮಗ್ಗುಲಲ್ಲಿ ಕುಳಿತರೆ ಸಾಕು, ಹಾಲಿಗೆ ಹೊರಟವರು, ನಾಯಿ ತಿರುಗಿಸಲು ಬಂದವರು ಎಲ್ಲರೂ ಒಂದು ಗಳಿಗೆ ನಿಂತು "ಕೆಟ್ಟಿತೇ?" ಎಂದು ಕೇಳದೆ ಮುಂದೆ ಹೋಗುವುದಿಲ್ಲ. ಕೆಟ್ಟಿಲ್ಲವೆಂದರೆ ಅವರ ಮುಖ ಬಾಡುತ್ತದೆ. ಕೆಟ್ಟದ್ದನ್ನು ಬಿಚ್ಚುವವನು ಬಡವ; ಕೆಡದುದನ್ನು ಬಿಚ್ಚುವವನು ಹುಚ್ಚ; ನಮ್ಮ ಕಟ್ಟಡದ ಲೋಕಾಭಿಪ್ರಾಯ ಇಷ್ಟು.

ಬೈಕಿನ ಜಾತಕವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಡಾಂಬರಿನ ಮೇಲೆ ದೂರ ಓಡಬೇಕು, ಡಾಂಬರು ಮುಗಿದ ಕಡೆ ಮಣ್ಣಿಗೂ ಇಳಿಯಬೇಕು, ಬೆನ್ನ ಮೇಲೆ ಗಂಟುಮೂಟೆಯನ್ನೂ ಹೊರಬೇಕು. ಇಂಥ ಬೈಕಿಗೆ ಸಾಹಸದ ಬೈಕು ಎಂದು ಹೆಸರು. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ 1980ರಲ್ಲಿ ಆರ್ 80 ಜಿ/ಎಸ್ ಎಂಬುದನ್ನು ಹೊರತಂದು, ಮರುವರ್ಷವೇ ಪ್ಯಾರಿಸ್–ಡಾಕಾರ್ ಮರುಭೂಮಿಯ ಪಂದ್ಯವನ್ನು ಗೆದ್ದಮೇಲೆ ಈ ಕುಲಕ್ಕೆ ದೊಡ್ಡ ಮರ್ಯಾದೆ ಬಂತು. ನಮ್ಮ ದೇಶದ ಮಧ್ಯಮವರ್ಗದ ಕೈಗೆ ಎಟುಕುವಂತೆ ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಬಂದುದು 2016ರಲ್ಲಿ. ಎಂಜಿನ್ನು 411 ಸಿ.ಸಿ., ಮುಂದಿನ ಚಕ್ರ 21 ಅಂಗುಲ, ಹಿಂದಿನದು 17, ಹೊಟ್ಟೆಯ ಕೆಳಗೆ 220 ಮಿಲಿಮೀಟರು ತೆರವು. 2023ರ ಕೊನೆಗೆ 452 ಸಿ.ಸಿ.ಯ ಹೊಸ ಹಿಮಾಲಯನ್ ಬಂದಿತು. ನಮ್ಮದು ಹಳೆಯದೇ, ಅದೂ ಇನ್ನೊಬ್ಬರು ಓಡಿಸಿ ಬಿಟ್ಟದ್ದು. ತುಟ್ಟಿಭತ್ಯೆಯ ಬಾಕಿ ಕೈಗೆ ಬಂದ ತಿಂಗಳು ಕೊಂಡೆವು.

ಪುಣೆಯಲ್ಲಿ ಈ ಬೈಕು ಉಳ್ಳವರೆಲ್ಲರೂ ಲಡಾಖಿನ ಮಾತಾಡುತ್ತಾರೆ. ನಮಗೆ ಲಡಾಖು ಬೇಡ. ಸರಕಾರ ಕೊಡುವ ಪ್ರವಾಸ ಸವಲತ್ತಿನಲ್ಲಿ ಸ್ವಂತ ವಾಹನದ ಖರ್ಚಿಗೆ ಜಾಗವೂ ಇಲ್ಲ. ನಮಗೆ ಬೇಕಾದದ್ದು ಯಲ್ಲಾಪುರದ ಆಚೆಗೆ, ದೊಡ್ಡ ರಸ್ತೆಯಿಂದ ಒಳಗೆ ಆರು ಕಿಲೋಮೀಟರು. ಅಲ್ಲಿ ನಮ್ಮ ಆಯಿ ಇದ್ದಾಳೆ. (ನಮ್ಮ ಕಡೆ ತಾಯಿಗೆ ಆಯಿ ಎನ್ನುತ್ತೇವೆ, ಪುಣೆಯ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ವಯಸ್ಸು 72. ನಾಲ್ಕು ಸಾಲು ಅಡಿಕೆ ಮರ ಬಿಟ್ಟು ಪುಣೆಗೆ ಬಾ ಎಂದರೆ ಬರುವವಳಲ್ಲ. 2023ರ ಜುಲೈಯಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದಳು. ಆ ಆರು ಕಿಲೋಮೀಟರಿನ ಕೆಸರಿನಲ್ಲಿ ಜೀಪು ಬಾರದೆ, ನೆರೆಯವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ದೊಡ್ಡ ರಸ್ತೆಗೆ ತಂದರು. ನಮಗೆ ಸುದ್ದಿ ಮುಟ್ಟಿ, ರಜೆ ಸಿಕ್ಕಿ, ಬಸ್ಸು ಹಿಡಿದು, ಕೊನೆಗೆ ಮಳೆಯಲ್ಲಿ ನಡೆದು ಊರು ಮುಟ್ಟುವಾಗ ಮೂರನೆಯ ದಿವಸ. ಸೊಂಟದ ಮೂಳೆ ಮುರಿದಿರಲಿಲ್ಲ, ಅದೊಂದು ಪುಣ್ಯ.

ಆದಕಾರಣ ಬೈಕು. ನಾವೊಬ್ಬರೇ ಹೋಗಿಬರುವುದೆಂದು ಎಣಿಸಿದ್ದೆವು. ನಮ್ಮ ಮನೆಯವರು ಅದನ್ನು ಒಪ್ಪಲಿಲ್ಲ. "ನೀವೊಬ್ಬರೇ ಹೋಗಿ ಏನು ಮಾಡುತ್ತೀರಿ? ಗಂಜಿ ಬೇಯಿಸಲು ಬರುತ್ತದೆಯೇ? ಅತ್ತೆಯವರ ಕಾಲಿಗೆ ಎಣ್ಣೆ ತಿಕ್ಕುತ್ತೀರೇ? ನಾನೂ ಬರುತ್ತೇನೆ" ಎಂದರು. ಅವರಿಗೋ ಸೊಂಟನೋವು. ಪುಣೆಯಿಂದ ಹುಬ್ಬಳ್ಳಿಯ ಮೇಲೆ ಯಲ್ಲಾಪುರಕ್ಕೆ ಹೆಚ್ಚುಕಡಿಮೆ 500 ಕಿಲೋಮೀಟರು. ಸಾಹಸ ಯಾರದೆಂದು ವಾಚಕರೇ ನಿರ್ಣಯಿಸಲಿ.

ನಮ್ಮಲ್ಲೇ ಇದ್ದುಕೊಂಡು ಎಂಜಿನಿಯರಿಂಗ್ ಓದುವ ಭಾವಮೈದುನನೊಬ್ಬನಿದ್ದಾನೆ. ಬೈಕು ಬಂದ ದಿವಸವೇ ಅವನು ಬೇಕಾದ ಸಾಮಾನುಗಳ ಪಟ್ಟಿ ತಯಾರಿಸಿ ಮುಂದಿಟ್ಟ. ಅಲ್ಯೂಮಿನಿಯಮ್ಮಿನ ಪೆಟ್ಟಿಗೆ ಮೂರು, ಪೆಟ್ರೋಲಿನ ಡಬ್ಬಿ ಎರಡು, ದೀಪ ನಾಲ್ಕು, ದೊಡ್ಡ ಸದ್ದಿನ ಸೈಲೆನ್ಸರು ಒಂದು. ನಾವೂ ಗುಮಾಸ್ತರೇ, ಪಟ್ಟಿಯ ಅಂಚಿನಲ್ಲಿ ಟಿಪ್ಪಣಿ ಬರೆಯುವುದರಲ್ಲಿ ಹದಿಮೂರು ವರ್ಷದ ಅನುಭವವಿದೆ. ಸೈಲೆನ್ಸರಿನ ಎದುರಿಗೆ "ಮೋಟಾರು ವಾಹನ ಕಾಯಿದೆ, ಕಲಂ 52 ನೋಡಿ" ಎಂದು ಬರೆದೆವು. ನೋಂದಣಿ ಪತ್ರದಲ್ಲಿರುವ ವಿವರಕ್ಕೂ ಗಾಡಿಯ ರೂಪಕ್ಕೂ ವ್ಯತ್ಯಾಸ ಬರುವಂತೆ ಬದಲಾಯಿಸಕೂಡದೆನ್ನುವ ಕಲಂ ಅದು. ಸದ್ದಿನ ಮಾತಿಗೆ ಬೇರೆ ದಂಡವೇ ಇದೆ. ಪೆಟ್ರೋಲಿನ ಡಬ್ಬಿಗೆ ಕಲಂ ಬೇಕಾಗಲಿಲ್ಲ, ಲೆಕ್ಕ ಸಾಕಾಯಿತು. ಟ್ಯಾಂಕಿನಲ್ಲಿ 15 ಲೀಟರು ಹಿಡಿಯುತ್ತದೆ. ಲೀಟರಿಗೆ 28 ಎಂದು ಹಿಡಿದರೂ 400 ಕಿಲೋಮೀಟರು ದಾಟುತ್ತದೆ. ಕೊಲ್ಲಾಪುರ, ಬೆಳಗಾವಿಯ ದಾರಿಯುದ್ದಕ್ಕೂ ಬಂಕುಗಳು. ಐದು ಲೀಟರು ಪೆಟ್ರೋಲೆಂದರೆ ಡಬ್ಬಿ ಬಿಟ್ಟೇ ಮೂರೂಮುಕ್ಕಾಲು ಕಿಲೋ. ಅದನ್ನು ಹೊತ್ತು ತಿರುಗುವುದು ಯಾರ ಸುಖಕ್ಕೆ?

ಹುಡುಗ ಪೆಟ್ಟಿಗೆಗಳನ್ನು ಮಾತ್ರ ಸುಲಭಕ್ಕೆ ಬಿಡಲಿಲ್ಲ. ಮೂರನೆಯದನ್ನು ಸೀಟಿನ ಹಿಂದೆ, ಎತ್ತರದಲ್ಲಿ, ಬಾಲದ ಮೇಲೆ ಕೂರಿಸಬೇಕೆಂದು ಅವನ ಹಟ. ಆಗ ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಮಾವನವರು ಪೇಪರಿನಿಂದ ತಲೆಯೆತ್ತಿ, "ಚಕ್ಕಡಿ ಹಿಂಭಾರ ಆದರೆ ಏನಾಗತದ ಗೊತ್ತೇನೋ?" ಎಂದು ಕೇಳಿದರು. ಮೈಸೂರಿನ ಕಾರಖಾನೆಯಲ್ಲಿ ತಯಾರಾದ ಯೆಜ್ಡಿಯನ್ನು, ಆ ಕಾರಖಾನೆ 1996ರಲ್ಲಿ ಮುಚ್ಚಿದ ಮೇಲೂ ಎಷ್ಟೋ ವರ್ಷ ಓಡಿಸಿದವರು ಅವರು. ಹಿಂಭಾರವಾದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ. ಬೈಕಿನಲ್ಲಿ ಎತ್ತಿನ ಜಾಗದಲ್ಲಿರುವುದು ಮುಂದಿನ ಚಕ್ರ. ಕಾಗದದ ಮೇಲೆ ಲೆಕ್ಕ ಮಾಡಿ ನೋಡಿದೆವು: ಹಿಂದಿನ ಅಚ್ಚಿನಿಂದ ಒಂದೂವರೆ ಅಡಿ ಹಿಂದಕ್ಕೆ 10 ಕಿಲೋ ಕಟ್ಟಿದರೆ ಮುಂದಿನ ಚಕ್ರದ ಮೇಲಿನಿಂದ 3 ಕಿಲೋ ಕಿತ್ತುಕೊಂಡಂತೆ, ಹಿಂದಿನ ಚಕ್ರಕ್ಕೆ ಬೀಳುವುದು ಹದಿಮೂರು. ಕೆಸರಿನಲ್ಲಿ ದಾರಿ ಹುಡುಕಬೇಕಾದ ಚಕ್ರವನ್ನೇ ಹಗುರ ಮಾಡುವುದು ಯಾವ ಜಾಣತನ? ಸವಾರನ ಹಿಂದೆ ಇನ್ನೊಬ್ಬರು ಕೂರುವವರಿದ್ದಾರೆ, ಅವರ ತೂಕವನ್ನು ಇಲ್ಲಿ ನಮೂದಿಸುವಷ್ಟು ಧೈರ್ಯ ನಮಗಿಲ್ಲ. ಮೂರನೆಯ ಪೆಟ್ಟಿಗೆ ಪಟ್ಟಿಯಿಂದ ಹೋಯಿತು.

ಉಳಿದ ಎರಡನ್ನು ಹೊಡೆದುಹಾಕಿದ್ದು ನಮ್ಮೂರಿನ ಸಂಕ. ಹಳ್ಳದ ಮೇಲೆ ಹಾಸಿದ ಸಿಮೆಂಟಿನ ಹಲಗೆ ಅದು, ಅಗಲ ಮೂರೂವರೆ ಅಡಿ, ಒಂದು ಬದಿಗೆ ಮಾತ್ರ ಹಿಡಿಗಂಬಿ. ಅದನ್ನು ದಾಟಿದರೆ ಮನೆಯ ದಣಪೆ, ಅದು ಇನ್ನೂ ಇಕ್ಕಟ್ಟು. ಎರಡು ಕಡೆ ಲೋಹದ ಪೆಟ್ಟಿಗೆ ತೂಗಿಬಿಟ್ಟರೆ ಬೈಕಿನ ಅಗಲ ಮೂರು ಅಡಿಗೆ ಬರುತ್ತದೆ. ಲಡಾಖಿನಲ್ಲಿ ಆಕಾಶ ವಿಶಾಲವಾಗಿದೆ, ಅಲ್ಲಿ ಸಲ್ಲುತ್ತದೆ. ನಾವು ನಾನಾ ಪೇಠೆಯ ಗಲ್ಲಿಗಳನ್ನು ಎರಡು ಶನಿವಾರ ತಿರುಗಿ, ಕಡೆಗೆ ದಪ್ಪ ಕ್ಯಾನ್ವಾಸಿನ ಜೋಡಿ ಚೀಲ ತಂದೆವು. ಒಳಗೆ ನೀರು ಇಳಿಯದ ಇನ್ನೊಂದು ಚೀಲ. ಬಿದ್ದರೆ ಅದು ಮಣಿಯುತ್ತದೆ, ಕಾಲು ಅಡಿಗೆ ಸಿಕ್ಕಿದರೂ ಮುರಿಯುವುದಿಲ್ಲ.

ಚೀಲ ಚಕ್ರಕ್ಕೆ ತಾಗದಂತೆ ಕಬ್ಬಿಣದ ಕಟ್ಟು ಬೇಕು. ಅದನ್ನು ಕೂರಿಸುವ ಅಂಗಡಿಯಾತ ಎಡಗಡೆಯ ಸೀರೆ ಗಾರ್ಡನ್ನು ಬಿಚ್ಚಿ ಬಿಸಾಡಲು ಸಿದ್ಧನಾದ. "ಇದೆಲ್ಲ ಯಾರಿಗೆ ಬೇಕು ಸಾಹೇಬ್, ಚಂದ ಕಾಣುವುದಿಲ್ಲ" ಎಂದ. ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಚಕ್ರಕ್ಕೆ ಸಿಗದಂತೆ ಮರೆ, ಈ ಮೂರೂ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ನಿಯಮ ಹಾಗಿರಲಿ, ಸೆರಗು ಚಕ್ರಕ್ಕೆ ಸಿಕ್ಕಿ ಆದ ಅನಾಹುತಗಳ ಸುದ್ದಿಯನ್ನು ಓದದ ಸಂಸಾರಸ್ಥರು ಯಾರಿದ್ದಾರೆ? ಕಟ್ಟನ್ನು ಮನೆಗೆ ತಂದು, ಗಾರ್ಡಿನ ಹೊರಮಗ್ಗುಲಿಗೆ ಎರಡು ತುಂಡು ಕೊಳವೆ ಕೊಟ್ಟು, ಉದ್ದದ ಬೋಲ್ಟು ಹಾಕಿ ನಾವೇ ಕೂರಿಸಿದೆವು. ಎರಡು ಭಾನುವಾರ ಹಿಡಿಯಿತು. ಚಂದ ಕಾಣುತ್ತದೆಯೋ ಇಲ್ಲವೋ ನಮಗೆ ತಿಳಿಯದು.

ದೀಪದ ವಿಷಯದಲ್ಲಿ ನಮ್ಮ ಮೊದಲ ಕೆಲಸ ಹಾಕುವುದಲ್ಲ, ತೆಗೆಯುವುದಾಗಿತ್ತು. ಹಿಂದಿನ ಯಜಮಾನರು ಯಾರೋ ಪುಣ್ಯಾತ್ಮರು, ಮೂಲದ ತಂತಿಯನ್ನು ಅಲ್ಲಲ್ಲಿ ಕೊಯ್ದು, ನಡುವೆ ಕರಿಯ ಟೇಪು ಸುತ್ತಿ, ಫ್ಯೂಸಿಲ್ಲದೆ ಎರಡು ದೀಪ ಒಂದು ಹಾರನ್ನು ತಗುಲಿಸಿದ್ದರು. ಟೇಪು ಬಿಡಿಸಿದರೆ ತಾಮ್ರ ಹಸಿರಾಗಿತ್ತು. ಎಲ್ಲವನ್ನೂ ಕಿತ್ತು, ಹೊಸ ತಂತಿಯನ್ನು ಬ್ಯಾಟರಿಯಿಂದ ನೇರವಾಗಿ ಎಳೆದೆವು. ಇಲ್ಲಿ ಲೆಕ್ಕ ಬಹಳ ಸುಲಭ, ಬಿ.ಎ. ಓದಿದವರಿಗೂ ಬರುತ್ತದೆ. 20 ವ್ಯಾಟಿನ ಎರಡು ದೀಪ, ಒಟ್ಟು 40. ಬ್ಯಾಟರಿ 12 ವೋಲ್ಟು. ಭಾಗಿಸಿದರೆ ಮೂರೂಕಾಲು ಆಂಪಿಯರಿನ ಮೇಲೆ ತುಸು. 5 ಆಂಪಿಯರಿನ ಫ್ಯೂಸು ಸಾಕು, ಅದೂ ಬ್ಯಾಟರಿಗೆ ಆದಷ್ಟು ಹತ್ತಿರ. ನಡುವೆ ಒಂದು ರಿಲೇ. ಹ್ಯಾಂಡಲಿನ ಸ್ವಿಚ್ಚು ರಿಲೇಗೆ ಅಪ್ಪಣೆ ಕೊಡುತ್ತದೆ, ಹೊರೆ ಹೊರುವುದು ರಿಲೇ. ನಮ್ಮ ಆಫೀಸಿನ ವ್ಯವಸ್ಥೆಯೂ ಹೀಗೆಯೇ. ಬೀಗದ ಕೈ ತೆಗೆದೊಡನೆ ದೀಪ ಆರುವಂತೆ ಆ ಅಪ್ಪಣೆಯ ತಂತಿಯನ್ನು ಪಾರ್ಕಿಂಗ್ ದೀಪಕ್ಕೆ ಜೋಡಿಸಿದೆವು. ಬಣ್ಣ ಹಳದಿ, ಮಳೆಯಲ್ಲಿ, ಮಂಜಿನಲ್ಲಿ ಬಿಳಿಯದಕ್ಕಿಂತ ಕಣ್ಣಿಗೆ ಹಿತ. ಕಟ್ಟಡದ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಬೆಳಕು ಗೆರೆಯ ಕೆಳಗೇ ಬೀಳುವಂತೆ ಬಗ್ಗಿಸಿದೆವು. ಎದುರಿನಿಂದ ಬರುವವನೂ ಯಾರದೋ ಆಯಿಯ ಮನೆಗೆ ಹೊರಟವನೇ ತಾನೇ.

ಹ್ಯಾಂಡಲನ್ನು ಒಂದು ಅಂಗುಲ ಎತ್ತರಿಸಿದೆವು. ಕೆಸರಿನಲ್ಲಿ ಕಾಲುಹಲಗೆಯ ಮೇಲೆ ಎದ್ದು ನಿಂತು ಓಡಿಸುವಾಗ ಬೆನ್ನು ಬಾಗಬಾರದು ನೋಡಿ. ಎತ್ತರಿಸಿದ ಬಳಿಕ ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಬ್ರೇಕಿನ ಕೊಳವೆ, ಕ್ಲಚ್ಚಿನ ತಂತಿ ಎಲ್ಲೂ ಬಿಗಿಯುವುದಿಲ್ಲವೆಂದು ನೋಡಬೇಕು. ಎಂಜಿನ್ನು ಓಡುತ್ತಿರುವಾಗಲೂ ಒಮ್ಮೆ ತಿರುಗಿಸಬೇಕು. ತಿರುಗಿಸಿದೊಡನೆ ಸದ್ದು ಏರಿದರೆ ಆಕ್ಸಿಲರೇಟರಿನ ತಂತಿ ಗಿಡ್ಡವಾಯಿತೆಂದು ಅರ್ಥ. ಒಂದು ಅಂಗುಲಕ್ಕೆ ಏನೂ ಆಗಲಿಲ್ಲ. ಎರಡಕ್ಕೆ ಹುಡುಗ ಆಸೆಪಟ್ಟ, ಬೇಡವೆಂದೆವು.

ಇನ್ನು ಸೀಟು. ಇದೊಂದೇ ಕೆಲಸಕ್ಕೆ ನಮ್ಮ ಮನೆಯವರು ಕೇಳುವ ಮೊದಲೇ ಹಣ ಮಂಜೂರು ಮಾಡಿದರು. ಮೆತ್ತನೆಯ ಸೀಟೇ ಸುಖವೆಂದು ಜನ ತಿಳಿದಿದ್ದಾರೆ. ಅಂಗಡಿಯಲ್ಲಿ ಐದು ನಿಮಿಷ ಕೂತವರಿಗೆ ಅದು ಸರಿ. ಎರಡು ಗಂಟೆ ಕೂತರೆ ಮೆತ್ತನೆಯ ಫೋಮು ತಳ ಕಾಣುವಷ್ಟು ಇಳಿದು, ಎಲುಬು ಹಲಗೆಗೆ ತಾಗುತ್ತದೆ. ಬೇಕಾದದ್ದು ಗಟ್ಟಿ ಫೋಮು, ಅಗಲ ಹೆಚ್ಚು, ಹಿಂದಿನವರು ಮುಂದಕ್ಕೆ ಜಾರದಂತೆ ಸಮತಟ್ಟು. ಸೀಟು ಹೊಲಿಯುವ ಮುದುಕರೊಬ್ಬರು ಸೋಲಾಪುರದ ಕಡೆಯವರು, ಕನ್ನಡ ಬಲ್ಲವರು. "ತಂಗೀನ ಕರಕೊಂಡ ಬರ್ರಿ, ಕೂತು ನೋಡದ ನಾ ಹ್ಯಾಂಗ ಕೊಯ್ಯಲಿ?" ಎಂದರು. ಮೂರು ಸಲ ಹೋದೆವು. ಪ್ರತಿಸಲವೂ ಮನೆಗೆ ತಂದು, ನಡು ಸ್ಟ್ಯಾಂಡಿನ ಮೇಲೆ ಬೈಕು ನಿಲ್ಲಿಸಿ, ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಬರಿದೆ ಕೂರಲು ಅವರಿಗೆ ನಾಚಿಕೆ. ಹಸಿ ಬಟಾಣಿಯ ಬುಟ್ಟಿ ತಂದು ತೊಡೆಯ ಮೇಲಿಟ್ಟುಕೊಂಡು ಸುಲಿಯತೊಡಗಿದರು. ಮೊದಲ ಸೀಟಿನಲ್ಲಿ ಅರ್ಧ ಕಿಲೋ ಮುಗಿಯುವುದರೊಳಗೆ ಇಳಿದರು. ಎರಡನೆಯದರಲ್ಲಿ ಒಂದು ಕಿಲೋ. ಮೂರನೆಯದರಲ್ಲಿ ಎರಡು ಕಿಲೋ ಮುಗಿಸಿ, "ಇನ್ನಿದೆಯೇನು?" ಎಂದರು. ಕಟ್ಟಡದವರೆಲ್ಲ ಮಹಡಿಯಿಂದ ನೋಡುತ್ತಿದ್ದರು. ಹುಚ್ಚರ ಸಂಖ್ಯೆ ಅಂದಿನಿಂದ ಎರಡಾಯಿತು.

ಪಂಕ್ಚರಿನ ಅಭ್ಯಾಸವೊಂದು ಉಳಿದಿತ್ತು. ಇದರ ಚಕ್ರಗಳಿಗೆ ಕಡ್ಡಿ ಇವೆ, ಟಯರಿನೊಳಗೆ ಟ್ಯೂಬು ಇದೆ; ಮೊಳೆ ಹೊಕ್ಕರೆ ಕಳಚಲೇಬೇಕು. ಮನೆಯಲ್ಲೇ ನಾಲ್ಕು ಬಾರಿ ಕಳಚಿ ಹಾಕಿ ಕಲಿತೆವು. ಬಿಡಿ ಟ್ಯೂಬು ಒಂದೇ ಒಯ್ಯುತ್ತೇವೆ, ಮುಂದಿನ ಚಕ್ರದ್ದು. ಕಷ್ಟಕಾಲಕ್ಕೆ ಅದನ್ನು ಹಿಂದಿನ ಟಯರಿನಲ್ಲೂ ತುರುಕಿ ಊರು ಸೇರಬಹುದು.

ಜುಲೈ ಎರಡನೆಯ ಶನಿವಾರ ಬೆಳಗಿನ ನಾಲ್ಕಕ್ಕೆ ಹೊರಟೆವು. ಹುಬ್ಬಳ್ಳಿಯಲ್ಲಿ ಮಾವನವರ ಮನೆಯಲ್ಲಿ ರಾತ್ರಿ ಕಳೆದು, ಮರುದಿವಸ ಯಲ್ಲಾಪುರದ ದಾರಿ. ಮಳೆ ಬಿಡಲೇ ಇಲ್ಲ. ದೊಡ್ಡ ರಸ್ತೆ ಬಿಟ್ಟು ಕೆಂಪು ಕೆಸರಿಗೆ ಇಳಿದಾಗ ನಮ್ಮ ಮನೆಯವರು ಮಾತು ನಿಲ್ಲಿಸಿ ಹಿಡಿಕೆ ಹಿಡಿದರು. ಮುಂದಿನ ಚಕ್ರ ಹೇಳಿದಂತೆ ಕೇಳಿತು. ಸಂಕದ ಹತ್ತಿರ ಅವರು ಇಳಿದು ಮುಂದೆ ನಡೆದರು; ನಾವು ಮೊದಲನೆಯ ಗೇರಿನಲ್ಲಿ ದಾಟಿದೆವು. ಚೀಲಕ್ಕೂ ಗಂಬಿಗೂ ನಡುವೆ ಒಂದು ಗೇಣು ಉಳಿದಿತ್ತು. ಆಯಿ ಕೋಲೂರಿಕೊಂಡು ಜಗಲಿಗೆ ಬಂದು ನಮ್ಮನ್ನು ನೋಡುವ ಮೊದಲು ಸೊಸೆಯನ್ನು ನೋಡಿ, "ಸೊಂಟ ಹ್ಯಾಂಗಿದ್ದು?" ಎಂದು ಕೇಳಿದಳು. ಇಬ್ಬರೂ ತಮ್ಮ ತಮ್ಮ ಸೊಂಟದ ಸಮಾಚಾರ ಮಾತಾಡುತ್ತ ಒಳಗೆ ಹೋದರು.

ನಾಲ್ಕು ದಿವಸ ಇದ್ದೆವು. ಹೊರಡುವಾಗ ಹಲಸಿನ ಹಪ್ಪಳ, ತೆಂಗಿನಕಾಯಿ, ಅಪ್ಪೆಮಿಡಿಯ ಭರಣಿ ಎಲ್ಲ ಬಂದವು. ಅಡಿಕೆ ತೂಗುವ ತಕ್ಕಡಿ ತರಿಸಿ ಎಡಚೀಲಕ್ಕೆ ಎಂಟು ಕಿಲೋ, ಬಲಚೀಲಕ್ಕೆ ಏಳೂವರೆ ಎಂದು ಹಂಚಿದೆವು. ಸೈಲೆನ್ಸರು ಬಲಗಡೆಗಿದೆ, ಅದರ ಕಾವು ಉಪ್ಪಿನಕಾಯಿಗೆ ತಾಗಬಾರದೆಂದು ಭರಣಿ ಎಡಕ್ಕೆ ಹೋಯಿತು. ಪುಣೆಗೆ ಬಂದು ನೋಡಿದರೆ ಭರಣಿ ಭದ್ರವಾಗಿದೆ, ಎಣ್ಣೆ ಮಾತ್ರ ಚೀಲದ ತಳದ ಹೊಲಿಗೆಗೆ ಇಳಿದಿದೆ. ಬರುವ ಭಾನುವಾರ ಆ ಹೊಲಿಗೆ ಬಿಚ್ಚಬೇಕು.