ಹಸಿರವ್ವ ಊಟಾ ಬಿಟ್ಟಾಗ

ಮನ್ಯಾಗ ಯಾರರೆ ಊಟಾ ಬಿಟ್ರು ಅಂದ್ರ ನಮಗ ಹೆಣ್ಣುಮಕ್ಕಳಿಗೆ ತಡಕೊಳ್ಳಿಕ್ಕೆ ಆಗಂಗಿಲ್ಲ ನೋಡ್ರಿ. ಜ್ವರ ಬಂದದೇನು, ಸಿಟ್ಟು ಬಂದದೇನು, ದೃಷ್ಟಿ ಆಗೇದೇನು ಅಂತ ಕೇಳಿದ್ದೇ ಕೇಳಿದ್ದು. ಒಂದು ತುತ್ತರೆ ಹೊಟ್ಟಿಗೆ ಹೋಗೋತನಕ ಸಮಾಧಾನ ಇಲ್ಲ. ಆದ್ರ ಊಟಾ ಬಿಟ್ಟಾಗ ಕೈ ಹಚ್ಚದ ಬಿಡೋದೇ ಆರೈಕೆ ಅನ್ನೋ ಒಂದು ಜೀವ ಈ ವರ್ಷ ನಮ್ಮನ್ಯಾಗ ಇತ್ತು.

ಶ್ರಾವಣದಾಗ ನನ್ನ ಮಗಳು ಹಿತ್ತಲದ ದಾಸವಾಳದ ಗಿಡದಿಂದ ಒಂದು ಕೈ ಮುಗಿಯೋ ಹುಳಾ ತಂದ್ಲು. ಇಂಗ್ಲಿಷಿನ್ಯಾಗ ಪ್ರೇಯಿಂಗ್ ಮ್ಯಾಂಟಿಸ್ ಅಂತಾರಲ್ಲಾ, ಅದು. ನೋಡಲಿಕ್ಕೆ ಮಿಡತಿ ಹಂಗ ಕಂಡ್ರೂ ಖರೇ ಅಂದ್ರ ಅದು ಜಿರಳಿ ಬಳಗದ್ದು. ಇದನ್ನ ಕೇಳಿ ನಮ್ಮ ಅತ್ತಿಯವರು "ಶಿವ ಶಿವಾ" ಅಂದ್ರು. ಅರ್ಧ ಬಟ್ಟಿನಷ್ಟು ಉದ್ದ, ಎಳಿ ಹಸಿರು ಬಣ್ಣ. ಎಡಕಿನ ನಡುವಿನ ಕಾಲು ಒಂದು ಇರಲೇ ಇಲ್ಲ. ಯಾವ ಹಕ್ಕಿ ಕಿತ್ತಿತ್ತೋ ಏನೋ. ಮಗಳು ಹಸಿರವ್ವ ಅಂತ ಹೆಸರಿಟ್ಲು. ಅಂಗಡ್ಯಾಗ ಪೇಪರಮೆಂಟ್ ತುಂಬಿ ಇಡ್ತಾರಲ್ಲಾ, ಅಂಥಾ ಎತ್ತರದ ಭರಣ್ಯಾಗ ನಾಕು ಕಡ್ಡಿ ನಿಲ್ಲಿಸಿ, ಬಾಯಿಗೆ ಸೊಳ್ಳಿ ಪರದೆ ಬಟ್ಟಿ ಕಟ್ಟಿ ಮನಿ ಮಾಡಿದ್ವಿ. ನೊಣಾ, ಟ್ಯೂಬ್‌ಲೈಟಿಗೆ ಬರೋ ಪತಂಗ, ಸಣ್ಣ ಮಿಡತಿ, ಇವೇ ಅದರ ಊಟಾ. ಹರಿದಾಡೋದನ್ನಷ್ಟೇ ಹಿಡಿತದ, ಸತ್ತದ್ದು ಮೂಸೂ ನೋಡಂಗಿಲ್ಲ.

"ಅಮ್ಮಾ, ಆ ಕಾಲು ಮತ್ತ ಬರ್ತದೇನು?" ಅಂತ ಮಗಳು ದಿನಾ ಕೇಳಾಕಿ. ನಮ್ಮ ಓಣ್ಯಾಗ ಕೀಟಗಳ ಬಗ್ಗೆ ಓದೋ ಹುಡುಗಿ ಒಬ್ಬಾಕಿ ಇದ್ದಾಳ. ಆಕಿ ಹೇಳಿದ್ಲು: ಹುಳದ ಚರ್ಮ ನಮ್ಮಂಗ ಬೆಳಿಯಂಗಿಲ್ಲ, ಹಾವಿನಂಗ ಪೊರಿ ಬಿಟ್ಟೇ ದೊಡ್ಡದಾಗಬೇಕು. ತತ್ತಿ ಒಡದು ಬಂದಾಗಿಂದ ರೆಕ್ಕಿ ಬರೋತನಕ ಸುಮಾರು 6ರಿಂದ 9 ಸಲ ಪೊರಿ ಬಿಡ್ತದ. ಹೋದ ಕಾಲು ಬರೋದಿದ್ರ ಆ ಹೊತ್ತಿನ್ಯಾಗ ಬರಬೇಕು. ಪೂರಾ ರೆಕ್ಕಿ ಬಂದ ಮ್ಯಾಲೆ ಪೊರಿ ಬಿಡೋದೂ ಇಲ್ಲ, ಕಾಲು ಬರೋದೂ ಇಲ್ಲ. ಹಸಿರವ್ವನ ಬೆನ್ನ ಮ್ಯಾಲೆ ಆಗಲೇ ಸಣ್ಣ ರೆಕ್ಕಿ ಮೊಗ್ಗು ಕಾಣತಿದ್ವು. ಅಂದ್ರ ಉಳಿದದ್ದು ಒಂದೋ ಎರಡೋ ಸಲ.

ಹಂಗಾಗಿ ಅದು ಊಟಾ ಬಿಟ್ಟ ದಿನಾ ನಮ್ಮನ್ಯಾಗ ಎಲ್ಲಾರ ಕಣ್ಣೂ ಭರಣಿ ಮ್ಯಾಲೆನ. ನೊಣಾ ಹತ್ರ ಬಂದ್ರ ಹಿಡಿಯೋದು ಬಿಟ್ಟು ಹಿಂದ ಸರೀತಿತ್ತು. ಆದ್ರ ಹೊಟ್ಟಿ ನೋಡಿದ್ರ ತುಂಬಿಕೊಂಡಿತ್ತು. ಇದೇ ಮೊದಲನೇ ಗುರುತು ನೋಡ್ರಿ: ಹಸಿದ ಹುಳದ ಹೊಟ್ಟಿ ಚಪ್ಪಟಿ ಇರ್ತದ, ಪೊರಿ ಬಿಡೋದರದ್ದು ಉಣದಿದ್ರೂ ಉಬ್ಬಿರ್ತದ. ಎರಡನೇದು, ಮ್ಯಾಲಿನ ಪರದೆಗೆ ತಲಿಕೆಳಗಾಗಿ ಜೋತು ಬಿದ್ದು ಅಲ್ಲಿಂದ ಕದಲಂಗಿಲ್ಲ. ಜಡ್ಡು ಬಂದದ್ದು ಹಂಗಲ್ಲ, ಹಿಡಿಲಿಕ್ಕೆ ಶಕ್ತಿ ಇಲ್ಲದ ತಳಕ್ಕ ಬಂದು ಕೂಡತದ. ಮೂರನೇದು, ಮೈ ಮ್ಯಾಲಿನ ಹೊಳಪು ಹೋಗಿ ಮಂಜು ಕವಿದಂಗ ಮಸಕಾಗತದ. ಕಡೀ ಪೊರಿ ಆದ್ರ ರೆಕ್ಕಿ ಮೊಗ್ಗು ದಪ್ಪಗ ಉಬ್ಬತಾವ. ರಾತ್ರಿ ಕಣ್ಣು ಕರ್ರಗಾದ್ರ ಹೆದರಬ್ಯಾಡ್ರಿ, ಅದು ಕತ್ತಲಿಗೆ ದಿನಾ ಆಗೋದೇ.

ಅತ್ತಿಯವರಿಗೆ ಇದ್ಯಾವುದೂ ಪಟಾಯಿಸಲಿಲ್ಲ. "ನಾಕು ದಿನಾ ಆತು, ಆ ಮೂಕ ಪ್ರಾಣಿನ್ನ ಉಪವಾಸ ಕೆಡವೀರಿ" ಅಂತ ಒಂದು ಮಿಡತಿ ಹಿಡಕೊಂಡೇ ಬಂದ್ರು. "ಅತ್ಯಾ, ಇದು ಅದರ ಏಕಾದಶಿ ಅಂತ ತಿಳೀರಿ" ಅಂದೆ. ಆವಾಗ ಸುಮ್ನಾದ್ರು. ಪೊರಿ ಬಿಡೋ ಮುಂದ ಒಳಗ ಜೀವಂತ ಮಿಡತಿ ಇತ್ತಂದ್ರ ಅದು ತಿರುಗಿ ಇದನ್ನೇ ಕಡೀಬಹುದು, ಇಲ್ಲಾ ಬಡಿದು ಕೆಳಗ ಕೆಡವಬಹುದು. ಅರ್ಧಕ್ಕ ಬಿತ್ತಂದ್ರ ಮೈ ಸೊಟ್ಟಗಾಗತದ, ಬಹಳ ಸಲ ಉಳಿಯಂಗಿಲ್ಲ.

ಅದಕ್ಕ ನಾ ಒಳಗಿನ ನೊಣಾ ಎಲ್ಲಾ ತಗದೆ. ಅದರ ಕೆಳಗ ಅದರ ಉದ್ದದ ಎರಡರಷ್ಟರೆ ಜಾಗ ಖಾಲಿ ಇರಬೇಕು ಅಂತ ಅಡ್ಡ ಬರೋ ಕಡ್ಡಿ ಮೆಲ್ಲಕ ಸರಿಸಿದೆ. ಇಸ್ತ್ರಿಗೆ ನೀರು ಹೊಡಿಯೋ ಬಾಟ್ಲಿಲೆ ಭರಣಿ ಗೋಡಿಗೆ ದಿನಾ ಒಂದೀಟು ತುಂತುರು ಹೊಡದೆ. ಹವಾ ಒಣಗಿದ್ರ ಪೊರಿ ಮೈಗೆ ಅಂಟಿಕೊಳ್ಳತದ. ಅದು ಜೋತು ಬಿದ್ದದ್ದು ಬಾಯಿಗೆ ಕಟ್ಟಿದ ಬಟ್ಟಿಗೆನ, ಅದಕ್ಕ ಆ ಬಟ್ಟಿ ಬಿಚ್ಚಬಾರದು, ಭರಣಿ ಎತ್ತಬಾರದು ಅಂತ ಎಲ್ಲಾರಿಗೂ ತಾಕೀತು ಮಾಡಿದೆ.

ಐದನೇ ದಿನಾ ರಾತ್ರಿ ಪಾತ್ರಿ ತೊಳದು ಬರೋದ್ರಾಗ ಬೆನ್ನಿನ ಮ್ಯಾಲೆ ಪೊರಿ ಬಿರಿದಿತ್ತು. ಹಳೇ ಅಂಗಿ ಮ್ಯಾಲೆನೇ ಉಳಿದು ಹಸಿರವ್ವ ಕೆಳಗ ಜಾರಿ ಜಾರಿ ಹೊರಗ ಬರತಿತ್ತು. ಒಂದೊಂದೇ ಕಾಲು ಎಳಕೊಂಡು, ನಡು ನಡು ದಣಿವಾರಿಸಿಕೊಂಡು ಅರ್ಧ ತಾಸಿನ್ಯಾಗ ಪೂರಾ ಹೊರಗ ಬಂತು. ಮಗಳು ಉಸಿರು ಬಿಗಿಹಿಡಕೊಂಡು ಕಾಲು ಎಣಿಸಿದ್ಲು. ಎಡಗಡೆ ನಡುವ ದಾರದೆಳಿಯಷ್ಟು ಸಣ್ಣ ಕಾಲು ಒಂದಿತ್ತು. ಅತ್ತಿಯವರು ಕನ್ನಡಕಾ ಹಾಕ್ಕೊಂಡು ಬಗ್ಗಿ ನೋಡಿ, "ಬಂದದ ಬಿಡ, ಬೆಳೀಲಿ" ಅಂದ್ರು.

ಆವಾಗೂ ಲಗೂನ ಊಟಾ ಹಾಕಬಾರದು. ಹೊಸಾ ಮೈ ಮೆತ್ತಗಿರ್ತದ, ಗಟ್ಟಿ ಆಗಲಿಕ್ಕೆ ಒಂದೆರಡು ದಿನಾ ಬೇಕು.

ನವರಾತ್ರಿ ಹೊತ್ತಿಗೆ ಕಡೀ ಪೊರಿ ಬಿಟ್ಟು ರೆಕ್ಕಿನೂ ಬಂದ್ವು, ಆ ಕಾಲೂ ಒಂದೀಟು ಉದ್ದ ಆತು, ಉಳಿದ ಕಾಲಿನಷ್ಟು ಆಗಲಿಲ್ಲ ಖರೆ. ಆಮ್ಯಾಲೆ ಮತ್ತ ಹೊಟ್ಟಿ ಉಬ್ಬಿದಾಗ ಮಗಳು "ಇನ್ನೊಂದು ಪೊರಿ" ಅಂತ ಕುಣದ್ಲು. ಅಲ್ಲವಾ, ರೆಕ್ಕಿ ಬಂದ ಹೆಣ್ಣಿನ ಹೊಟ್ಟಿ ಉಬ್ಬಿದ್ರ ಅದು ತತ್ತಿ. ಎರಡು ದಿನಕ್ಕ ಕಡ್ಡಿಗೆ ನೊರಿ ಹಂಗ ಮೆತ್ತಿ, ಒಣಗಿದ ಮ್ಯಾಲೆ ಕಂದು ಗಂಟಿನಂಗ ಆಗೋ ತತ್ತಿ ಗೂಡು ಇಟ್ಟಿತು. ಈಗ ಅತ್ತಿಯವರು ಬಂದವರಿಗೆಲ್ಲಾ ಆ ಗೂಡು ತೋರಿಸಿ, "ಬಾಣಂತಿ ಮಲಗ್ಯಾಳ, ಭರಣಿ ಮುಟ್ಟಬ್ಯಾಡ್ರಿ" ಅಂತಾರ.