‘ಕಳೆದುಹೋಗಿದೆ’ ಎಂದು ಬರೆದುಕೊಡಿ

ಮೊಬೈಲ್ ಕಳೆದುಕೊಂಡು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಿಗೆ ಎರಡು ಪದಗಳ ನಡುವಿನ ಅಂತರ ಚೆನ್ನಾಗಿ ಗೊತ್ತಿರುತ್ತದೆ. ಒಂದು ‘ಕಳವಾಗಿದೆ’, ಇನ್ನೊಂದು ‘ಕಳೆದುಹೋಗಿದೆ’. ಮನೆಯ ಮಾತಿನಲ್ಲಿ ಎರಡೂ ಅಕ್ಕತಂಗಿಯರಂತೆ. ಠಾಣೆಯ ಮೇಜಿನ ಮೇಲೆ ಹಾಗಲ್ಲ. ಮೊದಲನೆಯದನ್ನು ಬರೆದರೆ ಎಫ್‌ಐಆರ್ ಆಗಬೇಕು, ಮಹಜರು ನಡೆಯಬೇಕು, ನ್ಯಾಯಾಲಯಕ್ಕೆ ವರದಿ ಹೋಗಬೇಕು, ಪತ್ತೆಯಾಗದ ಪ್ರಕರಣಗಳ ಪಟ್ಟಿಗೆ ಇನ್ನೊಂದು ಸೇರಬೇಕು. ಎರಡನೆಯದನ್ನು ಬರೆದರೆ ಇದಾವುದೂ ಇಲ್ಲ. ಕಂಪ್ಯೂಟರಿನಿಂದ ಒಂದು ಹಾಳೆ ಬರುತ್ತದೆ, ಅದನ್ನು ಮಡಚಿಕೊಂಡು ಮನೆಗೆ ಹೋಗಬಹುದು.

ಈ ವ್ಯಾಕರಣ ನಮಗೆ ಪಾಠವಾದದ್ದು 2024ರ ನವೆಂಬರ್‌ನಲ್ಲಿ. ನಾವು ಗಂಡ ಹೆಂಡತಿ ಯಲಹಂಕದಲ್ಲಿ ಡಾಕ್ಟರನ್ನು ನೋಡಿಕೊಂಡು ಸಂಜೆಯ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಮರಳುತ್ತಿದ್ದೆವು. ಆ ಹೊತ್ತಿನ ಬಸ್ಸು ಹೇಗಿರುತ್ತದೆಂದು ಆ ದಾರಿಯಲ್ಲಿ ಓಡಾಡುವವರಿಗೆ ವಿವರಿಸಬೇಕಿಲ್ಲ. ಕಾಲೂರಲು ಜಾಗ ಸಿಕ್ಕರೆ ಅದೃಷ್ಟ. ಊರು ತಲುಪಿ ಬಸ್ಸು ಖಾಲಿಯಾದಾಗ ನೋಡಿದರೆ ವ್ಯಾನಿಟಿ ಬ್ಯಾಗಿನ ಪಕ್ಕೆಯಲ್ಲಿ ನಾಲ್ಕು ಬೆರಳುದ್ದ ಬ್ಲೇಡಿನ ಗೆರೆ. ಔಷಧಿಯ ಚೀಟಿ ಇತ್ತು, ಚಿಲ್ಲರೆ ಕಾಸಿತ್ತು, ಮೊಬೈಲ್ ಇರಲಿಲ್ಲ. ಎಂಟು ತಿಂಗಳ ಹಿಂದೆ 17,999 ರೂಪಾಯಿ ಕೊಟ್ಟು ತಂದದ್ದು, ಜೊತೆಗೆ ವಿಮೆ ಬೇರೆ ಮಾಡಿಸಿದ್ದೆವು. “ಯಲಹಂಕದಲ್ಲೇ ಹೋಗಿರ್ಬೇಕು ಅಕ್ಕಾ, ಅಲ್ಲೇ ಕೊಡಿ ಕಂಪ್ಲೇಂಟು” ಎಂದು ಕಂಡಕ್ಟರ್ ಮರುಕದಿಂದಲೇ ಹೇಳಿದರು.

ಠಾಣೆಯ ಹೆಸರು ಇಲ್ಲಿ ಬೇಡ. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಸಭ್ಯರು. ಕುರ್ಚಿ ತೋರಿಸಿದರು, ನೀರು ಕೊಡಿಸಿದರು. ನಾವು ಬರೆದುಕೊಂಡು ಹೋಗಿದ್ದ ದೂರನ್ನು ಓದಿ ಪಕ್ಕಕ್ಕಿಟ್ಟರು.

“ಯಾರು ಕದ್ದಿದ್ದು ಅಂತ ನೋಡಿದ್ರಾ ಸಾಬ್ರೇ?”

“ಇಲ್ಲ ಸಾರ್.”

“ನೋಡ್ಲಿಲ್ಲ ಅಂದ್ಮೇಲೆ ಕದ್ರು ಅಂತ ಹೆಂಗೆ ಹೇಳ್ತೀರಾ? ಕಳೆದುಹೋಗಿದೆ ಅಂತ ಬರ್ಕೊಡಿ, ಐದು ನಿಮಿಷದಲ್ಲಿ ಕೆಲಸ ಆಗುತ್ತೆ.”

ಬ್ಲೇಡು ಹಾಕಿದ ಬ್ಯಾಗನ್ನು ಮೇಜಿನ ಮೇಲಿಟ್ಟೆವು. ಅವರು ತಿರುಗಿಸಿ ನೋಡಿದರು. “ಬ್ಯಾಗು ಹರಿದಿದೆ ಅಂತಾನೂ ಬರೀರಿ, ಬೇಡ ಅಂದೋರ್ಯಾರು?”

ಮುಂದಿನದು ಸರಹದ್ದಿನ ಪ್ರಶ್ನೆ. ಬಸ್ಸು ಓಡುತ್ತಿತ್ತಲ್ಲ, ಮೊಬೈಲ್ ಹೋದದ್ದು ಯಲಹಂಕದಲ್ಲೋ, ರಾಜಾನುಕುಂಟೆಯಲ್ಲೋ, ಮಾರಸಂದ್ರದಲ್ಲೋ? ನಗರದ ಪೊಲೀಸರಿಗೆ ಸೇರಿದ್ದೋ, ಜಿಲ್ಲೆಯ ಪೊಲೀಸರಿಗೋ? ಕಳ್ಳನಿಗೆ ಮಾತ್ರ ಗೊತ್ತಿರುವ ಉತ್ತರವನ್ನು ನಮ್ಮಿಂದ ಕೇಳಲಾಗುತ್ತಿತ್ತು. ಕೊನೆಗೆ ಅವರು ಹೇಳಿದಂತೆ ‘ಇ-ಲಾಸ್ಟ್’ ವರದಿಯ ಒಂದು ಪ್ರತಿ ಪಡೆದು ಹೊರಬಂದೆವು. ಆ ರಾತ್ರಿ ನಮಗೆ ಬೇಕಾಗಿದ್ದ ಬಹಳಷ್ಟಕ್ಕೆ ಆ ಕಾಗದವೂ ಸಾಕಾಗಿತ್ತು.

ಆ ಕಾಗದವನ್ನು ಹಗುರವಾಗಿ ಕಾಣುವಂತಿಲ್ಲ, ಅದು ಮಾಡುವ ಕೆಲಸ ದೊಡ್ಡದು. ಮೊಬೈಲ್ ಈಗ ಮಾತಾಡುವ ಯಂತ್ರವಾಗಿ ಉಳಿದಿಲ್ಲ. ಬ್ಯಾಂಕಿನ ಒಟಿಪಿ, ಆಧಾರ್, ಗ್ಯಾಸ್ ಬುಕಿಂಗ್, ಮಕ್ಕಳ ಶಾಲೆಯ ಗ್ರೂಪು, ಫೋನ್‌ಪೇ, ಗೂಗಲ್‌ಪೇ ಎಲ್ಲವೂ ಅದರೊಳಗೆ. ಹಾಗಾಗಿ ಮೊದಲು ಸಿಮ್ ನಿಲ್ಲಿಸಬೇಕು, ಬ್ಯಾಂಕಿಗೆ ಹೇಳಿ ಯುಪಿಐ ತಡೆಯಬೇಕು. ಅಷ್ಟರಲ್ಲೇ ಖಾತೆಯಿಂದ ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕು. ಬಳಿಕ ಅದೇ ನಂಬರಿನ ಹೊಸ ಸಿಮ್ ಪಡೆಯಬೇಕು. ಮೊಬೈಲನ್ನು ದೇಶಾದ್ಯಂತ ನಿರುಪಯೋಗಿ ಮಾಡುವ ಸಿಇಐಆರ್ ವ್ಯವಸ್ಥೆಗೂ ಒಟಿಪಿ ಬೇಕಲ್ಲ!

ಈ ಸಿಇಐಆರ್ ಬಗ್ಗೆ ಎರಡು ಮಾತು. ಪ್ರತಿ ಮೊಬೈಲಿಗೂ 15 ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ. ಎರಡು ಸಿಮ್ ಹಾಕುವಂಥದ್ದಾದರೆ ಎರಡು ಸಂಖ್ಯೆ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಪರದೆಯ ಮೇಲೆ ಬರುತ್ತದೆ, ಡಬ್ಬಿಯ ಮೇಲೂ ಬಿಲ್ಲಿನ ಮೇಲೂ ಇರುತ್ತದೆ. ಕೇಂದ್ರ ದೂರಸಂಪರ್ಕ ಇಲಾಖೆ 2019ರಲ್ಲಿ ಮುಂಬಯಿಯಲ್ಲಿ ಪ್ರಯೋಗವಾಗಿ ಆರಂಭಿಸಿದ ಈ ವ್ಯವಸ್ಥೆ 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಎಂಬ ಹೆಸರಿನಡಿ ಇಡೀ ದೇಶಕ್ಕೆ ಬಂತು. ಠಾಣೆಯ ವರದಿ ಮತ್ತು ಗುರುತಿನ ಚೀಟಿಯೊಂದಿಗೆ ಸಂಖ್ಯೆಯನ್ನು ದಾಖಲಿಸಿದರೆ ಆ ಮೊಬೈಲ್ ಯಾವ ಕಂಪನಿಯ ಸಿಮ್ಮಿಗೂ ಒಗ್ಗುವುದಿಲ್ಲ. ಯಾರಾದರೂ ಸಿಮ್ ಹಾಕಿ ನೋಡಿದರೆ ಸುದ್ದಿ ಪೊಲೀಸರಿಗೆ ತಲುಪುತ್ತದೆ. ರಾಜ್ಯದ ಜಿಲ್ಲೆ ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳು ಮೇಜಿನ ತುಂಬ ಮೊಬೈಲ್ ಜೋಡಿಸಿ ವಾರಸುದಾರರಿಗೆ ಹಂಚುವ ಫೋಟೋಗಳನ್ನು ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಅದರ ಹಿಂದೆ ಇರುವುದು ಹೆಚ್ಚಾಗಿ ಇದೇ. ಒಳ್ಳೆಯ ಕೆಲಸ, ಹೊಗಳಲು ನಮಗೆ ಸಂಕೋಚವಿಲ್ಲ. ಆದರೆ ಅದು ಮೊಬೈಲನ್ನು ಹುಡುಕುತ್ತದೆ, ಬ್ಲೇಡು ಹಿಡಿದವನನ್ನಲ್ಲ. ಕಳೆದುಹೋದ ವಸ್ತುವಿಗೆ ಕಳ್ಳನೇ ಇರುವುದಿಲ್ಲವಲ್ಲ.

‘ಕಳೆದುಹೋಗಿದೆ’ ಎಂಬುದರ ಬೆಲೆ ತಿಳಿದದ್ದು ವಿಮೆಯವರ ಬಾಗಿಲಲ್ಲಿ. ಮೊಬೈಲ್ ಕೊಳ್ಳುವಾಗ ಅಂಗಡಿಯವರು “ಬಿದ್ರೂ, ಒಡೆದ್ರೂ, ಕಳ್ಳತನ ಆದ್ರೂ ದುಡ್ಡು ಬರುತ್ತೆ” ಎಂದು 1,199 ರೂಪಾಯಿ ಕಟ್ಟಿಸಿಕೊಂಡಿದ್ದರು. ಮರುದಿನವೇ ನಾವು ಕಂಪನಿಗೆ ತಿಳಿಸಿದೆವು, ಕೇಳಿದ ದಾಖಲೆಗಳನ್ನೆಲ್ಲ ಕಳಿಸಿದೆವು. ಒಂದು ವಾರದ ನಂತರ ಉತ್ತರ ಬಂತು: ತಮ್ಮ ಕ್ಲೇಮನ್ನು ಪರಿಗಣಿಸಲು ಸಾಧ್ಯವಿಲ್ಲ, ತಾವು ಸಲ್ಲಿಸಿರುವ ಪೊಲೀಸ್ ದಾಖಲೆಯ ಪ್ರಕಾರವೇ ಮೊಬೈಲ್ ಕಳೆದುಹೋಗಿದೆ, ಕಳೆದುಹೋದದ್ದಕ್ಕೆ ಈ ಪಾಲಿಸಿಯಲ್ಲಿ ಪರಿಹಾರವಿಲ್ಲ.

ಇಂಥ ಪಾಲಿಸಿಗಳ ಸಣ್ಣಕ್ಷರದಲ್ಲಿ ಇದು ಸಾಮಾನ್ಯ. ಹೇಗೆ ಹೋಯಿತೆಂದು ಹೇಳಲಾಗದ ಕಣ್ಮರೆಗೆ ಪರಿಹಾರವಿಲ್ಲ. ಮೇಜಿನ ಮೇಲಿಟ್ಟು ಮರೆತದ್ದಕ್ಕಿಲ್ಲ. ಕೆಲವು ಪಾಲಿಸಿಗಳಲ್ಲಂತೂ ಬೀಗ ಒಡೆದು ಅಥವಾ ಬಲಪ್ರಯೋಗ ಮಾಡಿ ಒಯ್ದಿದ್ದರೆ ಮಾತ್ರ ಕಳ್ಳತನ. ನಮ್ಮದರಲ್ಲಿ ಕಳವಿಗೆ ರಕ್ಷಣೆ ಇತ್ತು, ಆದರೆ 48 ಗಂಟೆಯೊಳಗಿನ ಎಫ್‌ಐಆರ್ ಬೇಕಿತ್ತು. ಠಾಣೆಯವರು ಕಳವೆಂದು ಬರೆಯುವುದಿಲ್ಲ, ವಿಮೆಯವರು ಕಳವೆಂದು ಬರೆಯದಿದ್ದರೆ ಕೊಡುವುದಿಲ್ಲ. ನಡುವೆ ನಾವು, ಕುಯ್ದ ಬ್ಯಾಗು ಹಿಡಿದುಕೊಂಡು.

ಪರಿಚಯದ ವಕೀಲರೊಬ್ಬರು ದಾರಿ ತೋರಿಸಿದರು. ಅವರು ಹೇಳಿದ್ದನ್ನು ಇಲ್ಲಿ ಕೊಂಚ ವಿವರವಾಗಿಯೇ ಬರೆಯುತ್ತೇವೆ, ಓದುಗರಲ್ಲಿ ಯಾರಿಗಾದರೂ ಬೇಕಾದೀತು. ಸಂಜ್ಞೇಯ ಅಪರಾಧ, ಎಂದರೆ ವಾರಂಟಿಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ ನಡೆದಿದೆಯೆಂದು ದೂರಿನಿಂದ ಕಂಡುಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರ್‌ನಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಪ್ರಕಾರ ಅಪರಾಧ ಯಾವ ಸರಹದ್ದಿನಲ್ಲೇ ನಡೆದಿರಲಿ, ದೂರು ತೆಗೆದುಕೊಳ್ಳಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಓಡುವ ಬಸ್ಸಿನ ಸಮಸ್ಯೆಯಂತೂ ಹಳೆಯ ಕಾಯ್ದೆಯಲ್ಲೇ ಬಗೆಹರಿದಿತ್ತು. ಪ್ರಯಾಣದ ನಡುವೆ ನಡೆದ ಅಪರಾಧವನ್ನು ಆ ಪ್ರಯಾಣಿಕ ಅಥವಾ ವಸ್ತು ಹಾದುಹೋದ ಯಾವ ಊರಿನ ನ್ಯಾಯಾಲಯ ಬೇಕಾದರೂ ವಿಚಾರಿಸಬಹುದು. ಆಗ 183ನೆಯ ಕಲಂ, ಈಗ 203.

ಠಾಣಾಧಿಕಾರಿ ನಿರಾಕರಿಸಿದರೆ? ದೂರನ್ನು ಬರಹದಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ನಾವು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಹರಿದ ಬ್ಯಾಗಿನ ಫೋಟೋ, ಬಸ್ ಟಿಕೆಟ್ಟು, ಬಿಲ್ಲು ಲಗತ್ತಿಸಿದೆವು. ಹನ್ನೆರಡನೆಯ ದಿನ ಅದೇ ಠಾಣೆಯಿಂದ ಕರೆ ಬಂತು. ಅದೇ ಹೆಡ್ ಕಾನ್‌ಸ್ಟೇಬಲ್, ಅದೇ ಕುರ್ಚಿ. “ಸಾಹೇಬ್ರವರೆಗೂ ಯಾಕೆ ಹೋದ್ರಿ ಸಾಬ್ರೇ, ನಮ್ಗೇ ಹೇಳಿದ್ರೆ ಆಗ್ತಿರ್ಲಿಲ್ವಾ?” ಎಂದರು. ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಡಿ ಪ್ರಕರಣ ದಾಖಲಾಯಿತು.

ಅವರ ಮೇಲೆ ನಮಗೆ ಸಿಟ್ಟಿಲ್ಲವೆಂದರೆ ನಂಬಬೇಕು. ಇರುವ ನಾಲ್ಕು ಸಿಬ್ಬಂದಿಯಲ್ಲಿ ಒಬ್ಬರು ಬಂದೋಬಸ್ತಿಗೆ, ಒಬ್ಬರು ಕೋರ್ಟಿಗೆ, ಒಬ್ಬರು ಸಮನ್ಸ್ ಹಿಡಿದು ಹಳ್ಳಿಗೆ. ಮೇಲಿನವರು ಕೇಳುವುದು ಎಷ್ಟು ಪ್ರಕರಣ ದಾಖಲಾಗಿವೆ, ಎಷ್ಟು ಪತ್ತೆಯಾಗಿವೆ ಎಂದು. ದಾಖಲಿಸದಿದ್ದರೆ ಪತ್ತೆಯಾಗದ್ದೂ ಇರುವುದಿಲ್ಲ. ಈ ಲೆಕ್ಕ ಅವರೊಬ್ಬರೇ ಹಾಕಿದ್ದಲ್ಲ.

ಆ ಮೊದಲ ಸಂಜೆ ಠಾಣೆಯ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ವಯಸ್ಸಾದವರೊಬ್ಬರು ಕುಳಿತಿದ್ದರು. ವಿದ್ಯುತ್ ಮಗ್ಗದಲ್ಲಿ ದುಡಿಯುವವರು. ಸಂತೆಯಲ್ಲಿ ಅಂಗಿಯ ಮೇಲ್ಜೇಬಿನಿಂದ ಮೊಬೈಲ್ ಎಗರಿಸಿದ್ದರು. “ಬೆಲೆ ಎಷ್ಟು ತಾತಾ?” ಎಂದು ಕೇಳಿದ್ದಕ್ಕೆ “ಮೂರು ಸಾವಿರ ಸ್ವಾಮಿ, ಸೆಕೆಂಡ್ ಹ್ಯಾಂಡು” ಎಂದರು. ಆಗ ನಮಗೆ ತಿಳಿಯದ ಸಂಗತಿಯೊಂದನ್ನು ವಕೀಲರು ಆಮೇಲೆ ಹೇಳಿದರು. ಹಳೆಯ ದಂಡ ಸಂಹಿತೆಯ 379ನೆಯ ಕಲಮಿನಲ್ಲಿ ಕದ್ದ ವಸ್ತುವಿನ ಬೆಲೆ ಎಷ್ಟೇ ಇರಲಿ, ಕಳವು ಸಂಜ್ಞೇಯ ಅಪರಾಧ. ಹೊಸ ಸಂಹಿತೆಯಲ್ಲಿ ಹಾಗಿಲ್ಲ. ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಕಳ್ಳನಿಗೆ ಇದೇ ಮೊದಲ ಶಿಕ್ಷೆಯಾಗಿದ್ದು, ಅವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಇಂಥ ಕಳವನ್ನು ಅಸಂಜ್ಞೇಯ ಎಂದು ವರ್ಗೀಕರಿಸಲಾಗಿದೆ, ಎಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ. ಹಸಿವಿಗೆ ಬನ್ನು ಕದ್ದ ಹುಡುಗನನ್ನು ಜೈಲಿಗೆ ಕಳಿಸದಿರುವುದು ಒಳ್ಳೆಯದೇ. ಆದರೆ ಸಿಕ್ಕದ ಕಳ್ಳ ಮೊದಲ ಬಾರಿಯವನೋ ಹತ್ತನೆಯ ಬಾರಿಯವನೋ ಎಂದು ಠಾಣೆಯಲ್ಲಿ ಯಾರು ಹೇಳಬಲ್ಲರು? ಹದಿನೆಂಟು ಸಾವಿರದ ಮೊಬೈಲಿನವರಾದ ನಮಗಾದರೂ ಲಲಿತಾ ಕುಮಾರಿ ತೀರ್ಪಿನ ಬಲವಿತ್ತು. ವೃದ್ಧಾಪ್ಯ ವೇತನ ಬಂತೇ ಎಂದು ಆ ಮೂರು ಸಾವಿರದ ಡಬ್ಬಿಯಲ್ಲೇ ನೋಡುತ್ತಿದ್ದ ತಾತನಿಗೆ ಅದೂ ಗಟ್ಟಿಯಾಗಿ ಇರಲಿಲ್ಲ.

ತಾತನ ಬಳಿ ಬಿಲ್ಲಿರಲಿಲ್ಲ, ಡಬ್ಬಿ ಇರಲಿಲ್ಲ, ಐಎಂಇಐ ಎಂದರೇನೆಂದು ಗೊತ್ತಿರಲಿಲ್ಲ. ಅವರಿಗೆ ನೆರವಾದವನು ಆ ಮೊಬೈಲ್ ಮಾರಿದ್ದ ಇಸ್ಲಾಂಪುರದ ರಿಪೇರಿ ಅಂಗಡಿಯ ಹುಡುಗ. ಜಿಮೇಲ್ ಖಾತೆ ತೆರೆದುಕೊಟ್ಟವನೂ ಅವನೇ, ಪಾಸ್‌ವರ್ಡು ಅವನ ನೋಟ್‌ಬುಕ್ಕಿನಲ್ಲಿತ್ತು. ಗೂಗಲ್ಲಿನ ಸಾಧನ ಹುಡುಕುವ ಪುಟದಿಂದ ಐಎಂಇಐ ತೆಗೆದು ಸಿಇಐಆರ್‌ಗೆ ಹಾಕಿಕೊಟ್ಟ, ಕಾಸು ತೆಗೆದುಕೊಳ್ಳಲಿಲ್ಲ.

ಈ ಹುಡುಗರ ಕಷ್ಟವೂ ಇದೇ ಕಥೆಯ ಭಾಗ. ನಮ್ಮ ಸಮುದಾಯದ ಎಷ್ಟೋ ಯುವಕರು ಮೊಬೈಲ್ ರಿಪೇರಿಯಿಂದ, ಹಳೆಯ ಮೊಬೈಲ್ ವ್ಯಾಪಾರದಿಂದ ಮನೆ ನಡೆಸುತ್ತಿದ್ದಾರೆ. ಅಂಗಡಿಗೆ ಬಂದದ್ದು ಕಳವಿನ ಮಾಲಾದರೆ ಕಳ್ಳನಿಗಿಂತ ಮೊದಲು ಠಾಣೆಗೆ ಹೋಗುವವನು ಇವನೇ. ಕಳವಿನದೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಕೊಂಡರೆ ಮಾತ್ರ ನ್ಯಾಯ ಸಂಹಿತೆಯ 317ನೆಯ ಕಲಂ ಅಪರಾಧವೆನ್ನುತ್ತದೆ. ಆದರೆ ‘ನನಗೆ ತಿಳಿಯದು’ ಎಂಬುದನ್ನು ಹುಡುಗ ಸಾಬೀತು ಮಾಡುವಷ್ಟರಲ್ಲಿ ಅಂಗಡಿಗೆ ಬೀಗ ಬಿದ್ದಿರುತ್ತದೆ. ಇದಕ್ಕೊಂದು ಸುಲಭ ರಕ್ಷಣೆ ಇದೆ. ಕೊಳ್ಳುವ ಮುನ್ನ ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಐಎಂಇಐ ಸಂಖ್ಯೆ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಆ ಮೊಬೈಲ್ ಬ್ಲಾಕ್ ಆಗಿದೆಯೇ ಎಂದು ತಿಳಿಯುತ್ತದೆ. ಮಾರುವವನ ಗುರುತಿನ ಚೀಟಿಯ ನಕಲು, ಸಹಿ, ತಾರೀಖು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಐಎಂಇಐ ಅಳಿಸಿ ಬೇರೆ ಹಾಕಿಕೊಡಿ ಎಂದು ಬರುವವರ ಮುಂದೆ ಶಟರ್ ಎಳೆಯುವುದೇ ಸರಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ಎಫ್‌ಐಆರ್ ಹಿಡಿದು ಮತ್ತೆ ವಿಮೆಯವರ ಬಳಿ ಹೋದೆವು. 48 ಗಂಟೆ ಮೀರಿದೆ ಎಂದರು. ಆಗ ಕೆಲಸಕ್ಕೆ ಬಂದದ್ದು ಅವರೇ ತಿರಸ್ಕರಿಸಿದ್ದ ಇ-ಲಾಸ್ಟ್ ಕಾಗದ. ಕಳವಾದ ಸಂಜೆಯೇ ನಾವು ಠಾಣೆಯಲ್ಲಿದ್ದೆವೆಂಬುದಕ್ಕೆ ಅದರ ಮೇಲಿನ ತಾರೀಖು, ಗಂಟೆಗಳೇ ಸಾಕ್ಷಿ. ವಾಹನ ಕಳವಿನ ಪ್ರಕರಣವೊಂದರಲ್ಲಿ, ಎಫ್‌ಐಆರ್ ಕೂಡಲೇ ಆಗಿದ್ದರೆ ವಿಮಾ ಕಂಪನಿಗೆ ತಡವಾಗಿ ತಿಳಿಸಿದ್ದೊಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ನಮ್ಮದು ಅದಕ್ಕೆ ತಿರುವುಮುರುವು, ಕಂಪನಿಗೆ ಬೇಗ ತಿಳಿಸಿದ್ದೆವು, ತಡವಾದದ್ದು ಎಫ್‌ಐಆರ್. ಆದರೂ ಆ ತೀರ್ಪಿನ ಧೋರಣೆಯನ್ನು ಉಲ್ಲೇಖಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆವು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇವೆಂದೂ ಸೇರಿಸಿದೆವು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಜಿಲ್ಲಾ ಗ್ರಾಹಕ ಆಯೋಗದಲ್ಲೂ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಇಪ್ಪತ್ತಾರನೆಯ ದಿನ ಕಂಪನಿಯ ಧ್ವನಿ ಬದಲಾಯಿತು. ಪೊಲೀಸರ ‘ಸಿ ರಿಪೋರ್ಟ್’, ಅಂದರೆ ಪತ್ತೆಯಾಗಿಲ್ಲವೆಂಬ ಅಂತಿಮ ವರದಿ ತನ್ನಿ, ಕೊಡುತ್ತೇವೆ ಎಂದರು. ಅದು ಬರಲು ಮತ್ತೆ ನಾಲ್ಕು ತಿಂಗಳು. ಸವಕಳಿ ಕಳೆದು, ನಮ್ಮ ಪಾಲಿನ ಐದು ಶೇಕಡ ಹಿಡಿದು, 2025ರ ಮೇ ತಿಂಗಳಲ್ಲಿ ಖಾತೆಗೆ 12,824 ರೂಪಾಯಿ ಬಂತು. ಮೊಬೈಲ್ ಬರಲಿಲ್ಲ. ಅದರೊಳಗೆ ಯಾರೂ ಸಿಮ್ ಹಾಕಿದ ಸುಳಿವಿಲ್ಲ, ಬಿಚ್ಚಿ ಬಿಡಿಭಾಗ ಮಾಡಿರಬೇಕು.

ಮೊನ್ನೆ ರಿಪೇರಿ ಅಂಗಡಿಯಲ್ಲಿ ತಾತ ಸಿಕ್ಕಿದ್ದರು. ಮಗ್ಗದ ಮಾಲೀಕರು ಒಂದು ಹಳೆಯ ಮೊಬೈಲ್ ಕೊಡಿಸಿದ್ದಾರಂತೆ, ವಾರಕ್ಕೆ ಇನ್ನೂರರಂತೆ ಕೂಲಿಯಲ್ಲಿ ಹಿಡಿಯುತ್ತಾರೆ. ಅದಕ್ಕೊಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು.

“ನಿಮ್ದು ಸಿಗ್ತಾ?”

“ಇಲ್ಲ ತಾತಾ, ಇನ್ಶೂರೆನ್ಸ್ ದುಡ್ಡು ಬಂತು.”

“ಹಂಗಾದ್ರೆ ಇದ್ಕೂ ಮಾಡ್ಸಿಕೊಡಿ.”

ಬಿಲ್ಲಿಲ್ಲದ ಹಳೆಯ ಮೊಬೈಲಿಗೆ ವಿಮೆ ಕೊಡುವವರನ್ನು ಹುಡುಕುತ್ತಿದ್ದೇವೆ. ಇದುವರೆಗೆ ಯಾರೂ ಸಿಕ್ಕಿಲ್ಲ.